‘ಗೇರ್ ಸ್ಲಿಪ್’ ಅಂದರೆ ಜಾರುವುದೋ, ಎಗರುವುದೋ?

ಎಲ್ಲರಿಗೂ ನಮಸ್ಕಾರ.

ಒಂದು ಪದದ ಗೊಂದಲದಿಂದ ನಮ್ಮ ಲಾರಿಯ ಗೇರ್‌ಬಾಕ್ಸನ್ನು ಎರಡು ಸಲ ಇಳಿಸಬೇಕಾಯಿತು. ಅದಕ್ಕೇ ಈ ಪ್ರಶ್ನೆ.

ಅರಸೀಕೆರೆ ಕಡೆಯಿಂದ ಮಂಗಳೂರಿಗೆ ತೆಂಗಿನಕಾಯಿ ಸಾಗಿಸುವ ಹಳೆಯ ಆರು ಚಕ್ರದ ಲಾರಿ ನಮ್ಮದು. ಶಿರಾಡಿ ಘಾಟಿ ಇಳಿಯುವಾಗ ಆಕ್ಸಿಲರೇಟರ್ ಬಿಟ್ಟರೆ ಸಾಕು, ಮೂರನೇ ಗೇರ್ ತಾನಾಗಿ ಬಿಟ್ಟುಕೊಳ್ಳುತ್ತಿತ್ತು. ಲಿವರ್ ಟಕ್ ಅಂತ ನ್ಯೂಟ್ರಲ್‌ಗೆ ಬಂದು ನಿಲ್ಲುತ್ತಿತ್ತು. ಮೈತುಂಬ ಲೋಡು, ಎಂಜಿನ್ನಿನ ಹಿಡಿತ ಇಲ್ಲ, ಬರೀ ಬ್ರೇಕನ್ನೇ ನಂಬಬೇಕು. ಲಿವರನ್ನು ಕೈಯಲ್ಲಿ ಒತ್ತಿ ಹಿಡಿದೇ ಘಾಟಿ ಬುಡದ ಗುಂಡ್ಯ ಮುಟ್ಟಿದೆ. ಅಲ್ಲಿಂದ ಗ್ಯಾರೇಜಿಗೆ ಫೋನ್ ಮಾಡಿ ‘ಗೇರ್ ಸ್ಲಿಪ್ ಆಗ್ತಿದೆ’ ಅಂದೆ. ಅವರ ಕಿವಿಗೆ ಬಿದ್ದದ್ದು ‘ಸ್ಲಿಪ್’ ಒಂದೇ. ಹಾಗಾದರೆ ಎಂಜಿನ್ನಿನ ತಿರುಗಣೆಯನ್ನು ಗೇರ್‌ಬಾಕ್ಸಿಗೆ ದಾಟಿಸುವ ಕ್ಲಚ್ ಪ್ಲೇಟ್ ಹೋಗಿದೆ ಅಂದರು. ಗೇರ್‌ಬಾಕ್ಸ್ ಇಳಿಸಿ, ಹೊಸ ಪ್ಲೇಟ್ ಹಾಕಿ, ಮತ್ತೆ ಕೂರಿಸಿದರು. ಮುಂದಿನ ಟ್ರಿಪ್ಪಿನಲ್ಲಿ ಅದೇ ಇಳಿಜಾರು, ಅದೇ ಟಕ್.

ತಪ್ಪು ಅವರದ್ದೊಂದೇ ಅನ್ನಲಾರೆ, ಆ ಮಾತು ಆಡಿದವನು ನಾನು. ಇವು ಬೇರೆ ಬೇರೆ ಕಾಯಿಲೆ. ಕ್ಲಚ್ ಪ್ಲೇಟ್ ಸವೆದರೆ ಏರಿನಲ್ಲಿ ಎಂಜಿನ್ ಸುಮ್ನೆ ಕೂಗುತ್ತದೆ, ಗಾಡಿ ಎಳೆಯುವುದಿಲ್ಲ, ಸುಟ್ಟ ವಾಸನೆ ಬರುತ್ತದೆ. ಆದರೆ ಲಿವರ್ ಇದ್ದಲ್ಲೇ ಇರುತ್ತದೆ. ನಮ್ಮದರಲ್ಲಿ ಲಿವರ್ರೇ ಕಿತ್ತುಕೊಂಡು ಬರುತ್ತಿತ್ತು. ಮೊದಲನೆಯದು ಜಾರುವುದು, ಎರಡನೆಯದು ಎಗರುವುದು. ಇಷ್ಟು ಒಳ್ಳೆಯ ಎರಡು ಮಾತು ಕೈಯಲ್ಲಿದ್ದೂ ಎರಡಕ್ಕೂ ‘ಸ್ಲಿಪ್’ ಅಂದು ಒಂದು ಕ್ಲಚ್ ಪ್ಲೇಟಿನ ದುಡ್ಡು ಕಳೆದೆ.

ಎರಡನೇ ಸಲ ನಾನೇ ಇಳಿಸಿದೆ. ನಮ್ಮೂರಿನ ಹಳೇ ಮೇಸ್ತ್ರಿಯೊಬ್ಬರು ಪಕ್ಕದಲ್ಲಿ ಸ್ಟೂಲ್ ಹಾಕಿಕೊಂಡು ಕೂತು ಹೇಳಿಕೊಟ್ಟರು. ಕ್ಯಾಬಿನ್ನಿನ ತಳದ ತಗಡು ಬಿಚ್ಚಿ, ಅಡ್ಡಕ್ಕೆ ಕಬ್ಬಿಣದ ಪೈಪ್ ಇಟ್ಟು, ಚೈನ್ ಪುಲ್ಲಿ ಕಟ್ಟಿ ಇಳಿಸಿದ್ದು. ಬಾಕ್ಸ್ ಬಿಚ್ಚಿದಾಗ ಕಾರಣ ಕಣ್ಣಿಗೇ ಬಿತ್ತು. ಗೇರಿನ ದೊಡ್ಡ ಹಲ್ಲುಗಳು ಚೆನ್ನಾಗೇ ಇದ್ದವು. ಅದರ ಮಗ್ಗುಲಿಗೆ ಸುತ್ತಲೂ ಸಣ್ಣ ಹಲ್ಲುಗಳ ಒಂದು ಸಾಲು ಇರುತ್ತದೆ. ದೊಡ್ಡವು ಯಾವಾಗಲೂ ಕೂಡಿಕೊಂಡೇ ತಿರುಗುತ್ತಿರುತ್ತವೆ. ನಾವು ಗೇರ್ ಹಾಕಿದಾಗ ಸ್ಲೀವ್ ಅನ್ನೋ ಬಳೆ ಸರಿದು ಕಚ್ಚಿಕೊಳ್ಳುವುದು ಈ ಸಣ್ಣವನ್ನು. ಇವುಗಳ ತುದಿ ಚೂಪು ಮಾಡಿದ ಪೆನ್ಸಿಲ್ ತರ ಇರಬೇಕು. ಬುಡ ತುದಿಗಿಂತ ಒಂಚೂರು ಸಣ್ಣಗಿರುತ್ತದೆ, ಕಚ್ಚಿದ್ದು ಬಿಡದಿರಲಿ ಅಂತ. ನಮ್ಮ ಮೂರನೇ ಗೇರಿನಲ್ಲಿ ಎಲ್ಲ ಮೊಂಡಾಗಿ, ಚೀಪಿದ ಪೆಪ್ಪರ್‌ಮಿಂಟಿನ ಹಾಗೆ ನುಣ್ಣಗಾಗಿದ್ದವು.

ಇಂಗ್ಲಿಷಿನವರು ಇದನ್ನು ಡಾಗ್ ಟೀತ್ ಅನ್ನುತ್ತಾರೆ. ‘ಕೋರೆಹಲ್ಲು ಅನ್ನಬಹುದಾ ಮೇಸ್ತ್ರಿ?’ ಅಂತ ಕೇಳಿದೆ. ‘ಕೋರೆ ಯಾಕಪ್ಪ? ಓಡೋ ಹಲ್ಲು ಬೇರೆ, ಕಚ್ಚೋ ಹಲ್ಲು ಬೇರೆ, ಅಷ್ಟೇ’ ಅಂದರು. ನನಗೆ ಇದೇ ಸರಿ ಅನ್ನಿಸಿತು. ‘ಕಚ್ಚುಹಲ್ಲು’ ಅಂತ ಬರೆದುಕೊಂಡಿದ್ದೇನೆ.

ಬರೆದುಕೊಳ್ಳುತ್ತಿರುವುದು ಯಾಕೆಂದರೆ, ಅಕ್ಕನ ಮಗ ಈ ಕೆಲಸ ಕಲಿಯುತ್ತಿದ್ದಾನೆ. ಅವನಿಗೆ ಒಂದು ನೋಟ್‌ಬುಕ್ ಮಾಡಿಕೊಡುತ್ತಿದ್ದೇನೆ. ಬಿಡಿಭಾಗಗಳ ಹೆಸರನ್ನು ಕನ್ನಡ ಮಾಡಲು ಹೋಗಿಲ್ಲ. ಟ್ರಾನ್ಸ್‌ಮಿಷನ್ನಿಗೆ ನಿಘಂಟಿನಲ್ಲಿರುವ ‘ಪ್ರಸರಣ’ ಹಾಕಿದರೆ ಹುಡುಗ ರೇಡಿಯೊ ರಿಪೇರಿ ಅಂದುಕೊಳ್ಳುತ್ತಾನೆ. ‘ತಟಸ್ಥಕ್ಕೆ ಹಾಕು’ ಅಂದರೆ ಯಾರೂ ಲಿವರ್ ಮುಟ್ಟುವುದಿಲ್ಲ, ಅಲ್ವಾ? ಆದರೆ ಕೆಲಸದ ಮಾತೆಲ್ಲ ಕನ್ನಡದ್ದೇ. ಬಾಕ್ಸ್ ಇಳಿಸು, ಕೂರಿಸು, ಬೋಲ್ಟ್ ಸಡಿಲಿಸು, ಬಿಗಿ, ಬೇರಿಂಗ್‌ನಲ್ಲಿ ಆಟ ಇದೆ, ಪ್ಯಾಕಿಂಗ್ ಕಚ್ಚಿಕೊಂಡಿದೆ.

ನಾನು ಸಿಕ್ಕಿಹಾಕಿಕೊಂಡಿರುವುದು ಒಂದು ಕಡೆ. ಬಾಕ್ಸ್ ಮತ್ತೆ ಕೂರಿಸುವಾಗ, ಅದರ ಮುಂದಕ್ಕೆ ಚಾಚಿರುವ ಕ್ಲಚ್ ಶಾಫ್ಟಿನ ಉದ್ದುದ್ದ ಗೀರುಗಳು ಪ್ಲೇಟಿನ ನಡುವಿನ ಗೀರುಗಳಿಗೆ ಸರಿಯಾಗಿ ಹೊಂದಬೇಕು. ಇಂಗ್ಲಿಷಿನಲ್ಲಿ ಸ್ಪ್ಲೈನ್. ಹೊಂದದಿದ್ದರೆ ಬಾಕ್ಸಿಗೂ ಎಂಜಿನ್ನಿಗೂ ನಡುವೆ ಎರಡು ಬೆರಳಿನಷ್ಟು ಸಂದು ಉಳಿದುಬಿಡುತ್ತದೆ. ಆಗ ಬೋಲ್ಟ್ ಹಾಕಿ ಎಳೆಯಲು ಹೋದರೆ ಹೊರಗಿನ ಕವಚ, ಅಂದರೆ ಹೌಸಿಂಗ್, ಸೀಳುತ್ತದೆ, ಬಾಕ್ಸಿನ ಭಾರ ಪ್ಲೇಟಿನ ಮೇಲೆ ಬಿಟ್ಟರೆ ಪ್ಲೇಟ್ ಡೊಂಕಾಗುತ್ತದೆ. ಬಾಕ್ಸನ್ನು ಗೇರಿನಲ್ಲಿಟ್ಟು ಹಿಂದಿನ ಫ್ಲ್ಯಾಂಜನ್ನು, ಅಂದರೆ ಹಿಂತುದಿಯ ದುಂಡು ತಟ್ಟೆಯನ್ನು, ಕೈಯಲ್ಲಿ ಮೆಲ್ಲಗೆ ತಿರುಗಿಸಬೇಕು. ಶಾಫ್ಟೂ ತಿರುಗಿ ಒಂದು ಗಳಿಗೆಯಲ್ಲಿ ಗುಡುಕ್ ಅಂತ ಒಳಗೆ ಹೋಗುತ್ತದೆ. ಮೇಸ್ತ್ರಿ ‘ಹಲ್ಲು ಕೂಡ್ತು’ ಅಂದರು. ಇದಕ್ಕೂ ಹಲ್ಲೇ! ಒಂದೇ ಪುಟದಲ್ಲಿ ಮೂರು ತರದ ಹಲ್ಲು ಬಂದರೆ ಹುಡುಗ ಕಂಗಾಲಾಗುತ್ತಾನೆ. ‘ಜಾಡು’ ಬರೆದು ನೋಡಿದೆ, ಹೊಂದಲಿಲ್ಲ. ‘ಗೀರು’ ಅಂದರೆ ಉಗುರಿನಲ್ಲಿ ಗೀರಿದ ಹಾಗಿದೆ, ಆಳ ಕಾಣುವುದಿಲ್ಲ.

ಹಲಗೆಗೆ ಹಲಗೆ ಸೇರಿಸಲು ಉದ್ದಕ್ಕೆ ತೋಡುವುದಕ್ಕೆ ನಿಮ್ಮ ಕಡೆ ಬಡಗಿಗಳು ಏನನ್ನುತ್ತಾರೆ? ಲೇತ್ ಕೆಲಸದವರು ಯಾರಾದರೂ ಇದ್ದೀರಾ? ಹಾಗೆಯೇ ಗೇರ್ ‘ಎಗರುವುದು’ ಹಳೇ ಮೈಸೂರು ಕಡೆಯ ಮಾತು ಮಾತ್ರವೋ, ಹುಬ್ಬಳ್ಳಿ, ಕಲಬುರಗಿ ಕಡೆ ಲಾರಿಯವರು ಬೇರೆ ಏನಾದರೂ ಅನ್ನುತ್ತಾರೋ ತಿಳಿಸಿ.