ಡಿಪ್ಲೊಮಾ ಆದ ಮೇಲೆ ಅರ್ಧಕ್ಕೆ ಬಿಟ್ಟ ಬಿಇ, ಈಗ 38 ವಯಸ್ಸು. ಡಿಗ್ರಿ ಹೇಗೆ ಮುಗಿಸೋದು?

ಹಳೇ ವೈರ್‌ಮ್ಯಾನ್, ಚಿಕ್ಕಮಗಳೂರು

2006ರಲ್ಲಿ ಎಲೆಕ್ಟ್ರಿಕಲ್ ಡಿಪ್ಲೊಮಾ ಮುಗಿಸಿ, ಡಿಪ್ಲೊಮಾ ಸಿಇಟಿ ಬರೆದು, ನೇರ ಎರಡನೇ ವರ್ಷದ ಬಿಇಗೆ ಸೇರಿದ್ದೆ. ಐದನೇ ಸೆಮಿಸ್ಟರ್‌ನಲ್ಲಿದ್ದಾಗ ಅಪ್ಪ ಹಾಸಿಗೆ ಹಿಡಿದರು. ಅದೇ ಹೊತ್ತಿಗೆ ಅರೇಬಿಕಾ ಕೊಯ್ಲು, ತೋಟ ನೋಡೋರು ಯಾರೂ ಇಲ್ಲ. ಹದಿನೈದು ದಿನಕ್ಕೆ ಅಂತ ಊರಿಗೆ ಬಂದವನು ವಾಪಸ್ ಹೋಗಲೇ ಇಲ್ಲ. ಮ್ಯಾಟ್‌ಡಿಪ್ ಅನ್ನೋ ಹೆಚ್ಚುವರಿ ಗಣಿತದ ಪೇಪರ್ ಬೇರೆ ಬಾಕಿ ಇತ್ತು, ಡಿಪ್ಲೊಮಾದಿಂದ ಹೋದವರಿಗೆ ಆ ಗಣಿತದ ಕಾಟ ಗೊತ್ತಿರುತ್ತೆ.

ಈಗ ಕಾಫಿ ಬೀಜದ ಸಿಪ್ಪೆ ಬಿಡಿಸಿ ವಿಂಗಡಿಸೋ ಒಂದು ಕ್ಯೂರಿಂಗ್ ವರ್ಕ್ಸ್‌ನಲ್ಲಿ ಮೇಂಟೆನೆನ್ಸ್ ನೋಡಿಕೊಳ್ಳುತ್ತೇನೆ. ಹನ್ನೆರಡು ವರ್ಷ ಆಯ್ತು. ಹಲ್ಲರ್, ಗ್ರೇಡರ್, ಪ್ಯಾನೆಲ್, ಜನರೇಟರ್ ಎಲ್ಲಾ ನನ್ನ ಕೈಯಲ್ಲೇ. ಮೇಲಿನ ಪೋಸ್ಟ್ ಖಾಲಿ ಆದಾಗ ಮಾತ್ರ "ನಿಮಗೆ ಡಿಗ್ರಿ ಇಲ್ವಲ್ಲ" ಅಂದರು. ನಾನು ಕೆಲಸ ಕಲಿಸಿದ ಹುಡುಗನೇ ಈಗ ನನ್ನ ಮೇಲಿದ್ದಾನೆ. ಒಳ್ಳೆ ಹುಡುಗ, ಅವನ ಮೇಲೆ ಸಿಟ್ಟಿಲ್ಲ.

ಹಳೇ ಬಿಇ ಬಿಟ್ಟಲ್ಲಿಂದ ಮುಂದುವರಿಸಬಹುದಾ? ಇಲ್ಲ ಮುಕ್ತ ವಿವಿಯಲ್ಲಿ ಬಿಎ, ಬಿಕಾಂ ಏನಾದರೂ ಮಾಡಿದರೆ ಸಾಕಾ? ಇಲ್ಲೊಬ್ಬ ಏಜೆಂಟು ಕ್ಲಾಸಿಗೆ ಹೋಗೋದೇ ಬೇಡ, ಒಂದೇ ವರ್ಷಕ್ಕೆ ಬಿಇ ಕೊಡಿಸ್ತೀನಿ ಅಂತಿದ್ದಾನೆ, ಮನೆಯಲ್ಲಿ ನಂಬಿಬಿಟ್ಟಿದ್ದಾರೆ.

ಬೇಲೂರು ರಸ್ತೆ

ಏಜೆಂಟಿನ ಕಥೆ ಮೊದಲು ಮುಗಿಸೋಣ. ಅಂಚೆಯಲ್ಲಿ ಬರೋ ಬಿಇ ಅಂತ ಒಂದಿಲ್ಲ ಮಾರಾಯ್ರೆ. ಕೆಲವು ಡೀಮ್ಡ್ ವಿವಿಗಳು ಹೀಗೆ ದೂರಶಿಕ್ಷಣದಲ್ಲಿ ಎಂಜಿನಿಯರಿಂಗ್ ಡಿಗ್ರಿ ಕೊಟ್ಟಿದ್ದವು. 2017ರ ನವೆಂಬರ್‌ನಲ್ಲಿ ಸುಪ್ರೀಂ ಕೋರ್ಟ್ ಅದಕ್ಕೆ ಬೀಗ ಹಾಕಿತು. 2001ರಿಂದ 2005ರವರೆಗೆ ಸೇರಿದ್ದವರು ಮತ್ತೆ ಪರೀಕ್ಷೆ ಬರೆದು ಡಿಗ್ರಿ ಉಳಿಸಿಕೊಳ್ಳಬೇಕಾಯಿತು, ಆಮೇಲೆ ಸೇರಿದವರದ್ದು ರದ್ದೇ ಆಯಿತು. ಎಎಂಐಇ (ಕಾಲೇಜಿಗೆ ಹೋಗದೆ ಎಂಜಿನಿಯರುಗಳ ಸಂಸ್ಥೆಯ ಪರೀಕ್ಷೆ ಬರೆದು ಪಡೆಯೋದು) ಮಾಡಿ ಅಂತ ಯಾರಾದರೂ ಹೇಳಿದರೆ, 2013ರ ಮೇ 31ರ ನಂತರ ನೋಂದಾಯಿಸಿದವರಿಗೆ ಅದು ಬಿಇಗೆ ಸಮ ಅಲ್ಲ. ಮನೆಯವರಿಗೆ ಇದನ್ನು ಓದಿ ಹೇಳಿ.

ಹಳೇ ಬಿಇ ಕೂಡ ಕೈ ಬಿಟ್ಟು ಹೋಯಿತು ಅಂದುಕೊಳ್ಳಿ. ಮಾಮೂಲಿ ನಿಯಮದಲ್ಲಿ ಕೋರ್ಸಿನ ಅವಧಿಯ ಎರಡರಷ್ಟು ಸಮಯ ಕೊಡ್ತಾರೆ, ನಿಮ್ಮದು ಅದೂ ದಾಟಿ ಎಷ್ಟೋ ವರ್ಷ ಆಗಿದೆ. ಈಗ ಪಾಸಾದ ವಿಷಯಗಳ ಕ್ರೆಡಿಟ್ ಜಮಾ ಇಡೋ ಕ್ರೆಡಿಟ್ ಬ್ಯಾಂಕ್ ಇದೆಯಲ್ಲ ಅಂತ ಕೇಳಬೇಡಿ, ಅದು ಶುರುವಾಗಿದ್ದೇ 2021ರಲ್ಲಿ, ಅದರಲ್ಲೂ ಕ್ರೆಡಿಟ್ ಹೆಚ್ಚೆಂದರೆ ಏಳು ವರ್ಷ ನಿಲ್ಲುತ್ತೆ. ಹಳೇ ಮಾರ್ಕ್ಸ್ ಕಾರ್ಡ್ ಎಸೆಯಬೇಡಿ, ಅಷ್ಟೇ.

ಲೆಕ್ಕದ ಮೇಡಂ, ಹಾಸನ

ಅಣ್ಣ, ಒಂದು ಕೇಳ್ತೀನಿ, ಬೇಜಾರು ಮಾಡ್ಕೋಬೇಡಿ. "ಡಿಗ್ರಿ ಇಲ್ಲ" ಅಂದರಲ್ಲ, ಯಾವ ಡಿಗ್ರಿ? ಅದನ್ನು ಎಚ್‌ಆರ್ ಹತ್ತಿರ ಬರವಣಿಗೆಯಲ್ಲಿ ತಗೊಂಡ್ರಾ? ಇಲ್ಲ ಅಂದರೆ ಒಂದು ರೂಪಾಯಿನೂ ಕಟ್ಟಬೇಡಿ. ನಾನು ಕಂಪ್ಯೂಟರ್ ಸೈನ್ಸ್ ಡಿಪ್ಲೊಮಾದವಳು. ಎರಡು ಮಕ್ಕಳಾದ ಮೇಲೆ ಮುಕ್ತ ವಿವಿಯಲ್ಲಿ ಬಿಎ ಮಾಡಿದೆ, ರಾತ್ರಿ ಮಕ್ಕಳು ಮಲಗಿದ ಮೇಲೆ ಅಸೈನ್‌ಮೆಂಟ್ ಬರೀತಾ. ಖುಷಿಯಿಂದ ಸರ್ಟಿಫಿಕೇಟ್ ಹಿಡಿದು ಹೋದರೆ ನಮ್ಮ ಆಫೀಸಿನವರು "ನಿಮ್ಮ ಪೋಸ್ಟಿಗೆ ಬಿಕಾಂ ಬೇಕಿತ್ತು" ಅಂದರು. ಮೂರು ವರ್ಷ! ನಾನೇ ಮೊದಲು ಕೇಳಿರಲಿಲ್ಲ, ಅವರೂ ಹೇಳಿರಲಿಲ್ಲ. ಆಮೇಲೆ ಅದೇ ಬಿಎ ಇಟ್ಟುಕೊಂಡು ಬೇರೆ ಕಡೆ ಸೇರಿದೆ, ಅದು ಬೇರೆ ವಿಷಯ.

ಯಾವುದಾದರೂ ಡಿಗ್ರಿ ಸಾಕು ಅಂತ ಬರೆದುಕೊಟ್ಟರೆ ದಾರಿ ಸುಲಭ. ಮೂರು ವರ್ಷದ ಡಿಪ್ಲೊಮಾವನ್ನು ಪಿಯುಸಿಗೆ ಸಮ ಅಂತ ತಗೊಳ್ತಾರೆ, ಮತ್ತೆ ಪಿಯುಸಿ ಬರೀಬೇಕಿಲ್ಲ. ಮೈಸೂರಿನ ಕರ್ನಾಟಕ ರಾಜ್ಯ ಮುಕ್ತ ವಿವಿ ಇದೆ, ಇಗ್ನೋ ಇದೆ. ಮುಕ್ತ ವಿವಿಗೆ 2015ರಲ್ಲಿ ಮಾನ್ಯತೆ ಹೋಗಿತ್ತು, 2018ರಲ್ಲಿ ವಾಪಸ್ ಬಂತು. ಜನ ಇನ್ನೂ ಹಳೇದನ್ನೇ ಹೇಳಿ ಹೆದರಿಸ್ತಾರೆ. ದೂರಶಿಕ್ಷಣದ ಡಿಗ್ರಿ ರೆಗ್ಯುಲರ್ ಡಿಗ್ರಿಗೆ ಸಮ ಅಂತ ಯುಜಿಸಿ 2022ರಲ್ಲೇ ಮತ್ತೆ ಸ್ಪಷ್ಟ ಮಾಡಿದೆ. ಆದರೂ ನೀವು ಸೇರೋ ವರ್ಷ, ಸೇರೋ ಕೋರ್ಸು ಯುಜಿಸಿ ಪಟ್ಟಿಯಲ್ಲಿ ಇದೆಯಾ ಅಂತ ನೋಡಿಕೊಂಡೇ ಫೀಸ್ ಕಟ್ಟಿ.

ಮೂರನೇ ಫೇಸ್

ಮೇಡಂ ಹೇಳಿದ್ದು ಸರಿ. ಬಿಇನೇ ಬೇಕು ಅಂದರೂ ಒಂದು ದಾರಿ ಇದೆ. 2023ರಿಂದ ತಾಂತ್ರಿಕ ಶಿಕ್ಷಣ ನೋಡಿಕೊಳ್ಳೋ ಕೇಂದ್ರದ ಮಂಡಳಿ ಎಐಸಿಟಿಇ, ಕೆಲಸ ಮಾಡೋರಿಗೆ ಅಂತಲೇ ಬಿಇ ನಡೆಸಲು ಕಾಲೇಜುಗಳಿಗೆ ಒಪ್ಪಿಗೆ ಕೊಡ್ತಿದೆ. ಕನಿಷ್ಠ ಒಂದು ವರ್ಷದ ಅನುಭವ ಬೇಕು, ಡಿಪ್ಲೊಮಾದವರು ಎರಡನೇ ವರ್ಷಕ್ಕೇ ಸೇರಬಹುದು, ಕ್ಲಾಸು ಕೆಲಸದ ಹೊತ್ತು ತಪ್ಪಿಸಿ ಇಡ್ತಾರೆ. ಎಲ್ಲಾ ಕಾಲೇಜಲ್ಲೂ ಇಲ್ಲ. ನಿಮ್ಮೂರಿನ ಎಐಟಿಯಲ್ಲಿ, ಹಾಸನದ ಮಲ್ನಾಡ್ ಎಂಜಿನಿಯರಿಂಗ್ ಕಾಲೇಜಲ್ಲಿ ಖುದ್ದಾಗಿ ಹೋಗಿ ಕೇಳಿ, ಫೋನಲ್ಲಿ ಸರಿಯಾಗಿ ಹೇಳಲ್ಲ. ಗಣಿತ ಮಾತ್ರ ಮತ್ತೆ ಎದುರಿಗೆ ಬರುತ್ತೆ, ತಪ್ಪಿಸಿಕೊಳ್ಳೋಕಾಗಲ್ಲ 😄

ಹಳೇ ವೈರ್‌ಮ್ಯಾನ್, ಚಿಕ್ಕಮಗಳೂರು

ಎಲ್ಲರಿಗೂ ಥ್ಯಾಂಕ್ಸ್. ಇವತ್ತು ಎಚ್‌ಆರ್ ಹತ್ತಿರ ಹೋಗಿ ಬರೆದುಕೊಡಿ ಅಂದೆ. ಮುಖ ನೋಡಬೇಕಿತ್ತು. "ಯಾವುದಾದ್ರೂ ಡಿಗ್ರಿ ಇದ್ರೆ ಆಯ್ತು ಅನ್ಸುತ್ತೆ" ಅಂದರು. ಅನ್ಸುತ್ತೆ ಅನ್ನೋದು ಬೇಡ, ಮೇಲ್ ಹಾಕಿ ಅಂದಿದ್ದೇನೆ. ಬಂದರೆ ಜುಲೈಗೆ ಬಿಕಾಂ ಸೇರ್ತೀನಿ, ಮಳೆಗಾಲದಲ್ಲಿ ವರ್ಕ್ಸ್‌ನಲ್ಲಿ ಕೆಲಸ ಕಮ್ಮಿ, ಓದೋಕೆ ಹೊತ್ತು ಸಿಗುತ್ತೆ. ಕರೆಂಟ್ ಇದ್ದರೆ.

ಲೆಕ್ಕದ ಮೇಡಂ, ಹಾಸನ

ಜನರೇಟರ್ ನಿಮ್ಮ ಕೈಯಲ್ಲೇ ಇದೆಯಲ್ಲ ಅಣ್ಣ. ಮೇಲ್ ಬಂದ ದಿನ ಇಲ್ಲಿ ಹಾಕಿ.