ಕವಾಟ ಹಾಕಿಸಿದ ಮೇಲೆ ಅಪ್ಪನ ತೊಡೆಸಂದಿಯಲ್ಲಿ ಗಂಟು, ಯಾರಿಗಾದರೂ ಹೀಗಾಗಿತ್ತಾ?

ಅಪ್ಪನಿಗೆ 78. ಎದೆ ಕೊಯ್ಯದೆ, ಬಲ ತೊಡೆಸಂದಿಯ ರಕ್ತನಾಳದಿಂದಲೇ ಹೃದಯದ ಕವಾಟ ಹಾಕಿ ಆರು ದಿನ ಆಯಿತು. ಈಗ ಮೆಟ್ಟಿಲು ಹತ್ತಿದರೂ ಏದುಸಿರಿಲ್ಲ. ಆದರೆ ತೊಡೆ ನೇರಳೆ ಹಣ್ಣಿನ ಬಣ್ಣಕ್ಕೆ ತಿರುಗಿದೆ. ನಿನ್ನೆ ಪಂಚೆ ಉಡಿಸುವಾಗ ನಿಂಬೆಹಣ್ಣಿನಷ್ಟು ಗಂಟು ಕೈಗೆ ಸಿಕ್ಕಿತು. "ಸುಮ್ನೆ ಗಾಬರಿ ಆಗ್ಬೇಡ" ಅಂತಾರೆ.

ಉತ್ತರ 1
ನಾನು ಕ್ಯಾತ್ ಲ್ಯಾಬ್ (ರಕ್ತನಾಳದ ಮೂಲಕ ಹೃದಯದ ಚಿಕಿತ್ಸೆ ಮಾಡುವ ಕೋಣೆ) ನರ್ಸ್. ಬಣ್ಣ ಮೊಣಕಾಲಿನ ಕಡೆ ಇಳಿಯುವುದು ಮಾಮೂಲಿ. ಗಂಟು ಹಾಗಲ್ಲ. ಮೆಲ್ಲಗೆ ಬೆರಳಿಡಿ, ನಾಡಿಯ ಹಾಗೆ ಮಿಡಿಯುತ್ತಾ? ಆಂಜಿಯೋಗ್ರಾಂಗೆ 2 ಮಿಲಿಮೀಟರ್ ಕೊಳವೆ ಸಾಕು, ಕವಾಟಕ್ಕೆ 5 ಮಿಲಿಮೀಟರ್ ಆಸುಪಾಸಿನದು ಬೇಕು. ತೂತು ದೊಡ್ಡದು. ವಯಸ್ಸಾದವರ ರಕ್ತನಾಳದಲ್ಲಿ ಸುಣ್ಣ ಕಟ್ಟಿದ್ದರೆ ತೂತು ಮುಚ್ಚುವ ಒಳಗಿನ ಹೊಲಿಗೆ ಕೆಲವೊಮ್ಮೆ ಸರಿಯಾಗಿ ಕೂರುವುದಿಲ್ಲ. ರಕ್ತ ಸೋರಿ ಪಕ್ಕದಲ್ಲೇ ಚೀಲದ ಹಾಗೆ ನಿಲ್ಲುತ್ತದೆ, ಆಗ ಗಂಟು ಮಿಡಿಯಬಹುದು. ಇವತ್ತೇ ಡಾಪ್ಲರ್ ಸ್ಕ್ಯಾನ್ (ರಕ್ತದ ಹರಿವು ತೋರಿಸುವ ಅಲ್ಟ್ರಾಸೌಂಡ್) ಮಾಡಿಸಿ. ರಕ್ತ ತೆಳು ಮಾಡುವ ಮಾತ್ರೆ ನೀವಾಗಿ ನಿಲ್ಲಿಸಬೇಡಿ. ಕಾಲು ತಣ್ಣಗಾದರೆ, ತಲೆಸುತ್ತಿದರೆ ಅಥವಾ ಸೊಂಟ ವಿಪರೀತ ನೋಯುತ್ತಿದ್ದರೆ ಸ್ಕ್ಯಾನಿಗೂ ಕಾಯದೆ ಎಮರ್ಜೆನ್ಸಿಗೆ ಹೋಗಿ.

ಉತ್ತರ 2
ನಮ್ಮತ್ತೆಗೂ ಇದೇ ಆಗಿತ್ತು. ಸ್ಕ್ಯಾನ್ ನೋಡಿಕೊಂಡೇ ಗಂಟಿನೊಳಗೆ ಥ್ರಾಂಬಿನ್ ಅಂತ ರಕ್ತ ಹೆಪ್ಪುಗಟ್ಟಿಸುವ ಇಂಜೆಕ್ಷನ್ ಕೊಟ್ಟರು. ಪರದೆ ಮೇಲೆ ಸುತ್ತುತ್ತಿದ್ದ ರಕ್ತ ನೋಡನೋಡುತ್ತಲೇ ಹೆಪ್ಪುಗಟ್ಟಿ ನಿಂತಿತು! ಆಪರೇಷನ್ ಬೇಕಾಗಲಿಲ್ಲ. ಎಲ್ಲರಿಗೂ ಇಷ್ಟು ಸುಲಭ ಆಗಲ್ಲ, ಕೆಲವರಿಗೆ ಹೊಲಿಯಲೇಬೇಕಾಗುತ್ತದೆ. ಮತ್ತೆ, ದಯವಿಟ್ಟು ಬಿಸಿ ಶಾಖ, ಎಣ್ಣೆ ತಿಕ್ಕೋದು ಬೇಡ. ನಮ್ಮನೆಯಲ್ಲಿ ಅದೂ ನಡೆದಿತ್ತು.

ಪ್ರಶ್ನೆ ಕೇಳಿದವರು
ಮಿಡಿಯುತ್ತಿದೆ. ಅಪ್ಪನನ್ನು ಹಿಂದಿನ ಸೀಟಲ್ಲಿ ಮಲಗಿಸಿಕೊಂಡು ಹೊರಟಿದ್ದೇವೆ.