ಓದುಗರ ಸ್ಪಂದನ: ‘ತಾಳಿಕೋ, ಪ್ರಾರ್ಥನೆ ಮಾಡು’ ಎಂದರೆ ಸಾಕೇ?

ಗದಗ-ಬೆಟಗೇರಿಯ ಓದುಗಿಯೊಬ್ಬರು ಕಳೆದ ವಾರ ಬರೆದಿದ್ದರು: ‘ಮದುವೆಯಾಗಿ ಒಂಬತ್ತು ವರ್ಷ, ಇಬ್ಬರು ಮಕ್ಕಳು. ಗಂಡ ಹೊಡೆಯುತ್ತಾರೆ. ಭಾನುವಾರ ಅವರೇ ಚರ್ಚಿನಲ್ಲಿ ಕಾಣಿಕೆ ಎತ್ತುತ್ತಾರೆ. ಸಭೆಯ ಹಿರಿಯರಿಗೆ ಹೇಳಿದರೆ, ತಾಳಿಕೋ, ಪ್ರಾರ್ಥನೆ ಮಾಡು ಎಂದರು. ನಾನೇನು ಮಾಡಲಿ?’ ಬಂದ ಉತ್ತರಗಳಲ್ಲಿ ಮೂರು ಇಲ್ಲಿವೆ.

ತಂಗಿ, ನಿಮ್ಮ ಪತ್ರ ಓದಿ ನಮ್ಮ ಸಭೆಯ ಒಬ್ಬಾಕೆ ನೆನಪಾದಳು. ಮೇ ತಿಂಗಳ ಬಿಸಿಲಲ್ಲೂ ಉದ್ದ ತೋಳಿನ ಕುಪ್ಪಸ ತೊಟ್ಟು ಆರಾಧನೆಗೆ ಬರುತ್ತಿದ್ದಳು. ಒಂದು ಭಾನುವಾರ ಹಾಡಿನ ಪುಸ್ತಕವನ್ನು ತೊಡೆ ಮೇಲಿಟ್ಟು ಎಡಗೈಯಲ್ಲೇ ಹಾಳೆ ತಿರುವುತ್ತಿದ್ದಳು. ಬಲ ಮುಂಗೈ ಬಾತುಕೊಂಡಿತ್ತು. ನಾನು ಪಕ್ಕದಲ್ಲೇ ಇದ್ದೆ, ನೋಡಿದೆ. ‘ಗಂಡ ಹೆಂಡಿರ ಜಗಳ ಉಂಡು ಮಲಗೋ ತನಕ’ ಅಂದುಕೊಂಡು ಸುಮ್ನಾದೆ. ಅದು ಇವತ್ತಿಗೂ ನನ್ನನ್ನು ಚುಚ್ಚುತ್ತದೆ.

ಆಮೇಲೆ ಒಂದು ರಾತ್ರಿ ಮಗಳನ್ನು ಎತ್ತಿಕೊಂಡು ನಮ್ಮ ಬಾಗಿಲಿಗೆ ಬಂದಳು. ಒಂದು ಕಾಲಲ್ಲಿ ಮಾತ್ರ ಚಪ್ಪಲಿ ಇತ್ತು. ಸ್ತ್ರೀಯರ ಸಂಘದ ಇಬ್ಬರು ಆಗಲೇ ಆಕೆಯನ್ನು ಸರಕಾರಿ ಆಸ್ಪತ್ರೆಗೆ ಕರೆದೊಯ್ದರು. ಪೆಟ್ಟು ಹೇಗಾಯಿತು ಎಂಬುದನ್ನು ಡಾಕ್ಟರ್ ಬರೆದುಕೊಂಡರು. ಎರಡು ತಿಂಗಳು ಸರದಿಯಲ್ಲಿ ನಮ್ಮ ಮನೆಗಳಲ್ಲೇ ಇದ್ದಳು. ಇಬ್ಬರನ್ನೂ ಕೂರಿಸಿ ರಾಜಿ ಮಾಡಿಸೋಣ ಎಂದು ಕೆಲವರು ಹೊರಟರು. ನಾವು ಒಪ್ಪಲಿಲ್ಲ. ಹೊಡೆದವನು ಎದುರಿಗೇ ಕೂತರೆ ಆಕೆ ನಿಜ ಹೇಳುತ್ತಾಳಾ? ಹೇಳಿದರೆ ಮನೆಗೆ ಹೋದ ಮೇಲೆ ಗತಿಯೇನು? ನಮ್ಮ ಚರ್ಚಿನ ಪಾದ್ರಿ ಅಯ್ಯನವರು ಗಂಡನನ್ನು ಬೇರೆಯಾಗಿ ಕರೆಸಿದರು. ಸಭೆಯಲ್ಲಿ ಅವನಿಗಿದ್ದ ಎಲ್ಲ ಜವಾಬ್ದಾರಿ ತೆಗೆದರು. ನಿಮ್ಮ ಸಭೆಯೂ ಮೊದಲು ಆ ಕಾಣಿಕೆ ಚೀಲವನ್ನು ಅವರ ಕೈಯಿಂದ ತೆಗೆದುಕೊಳ್ಳಲಿ.

ಗುರುವಾರ ಕಪ್ಪು ಬಟ್ಟೆ ಉಟ್ಟು ಹಿಂಸೆಯನ್ನು ವಿರೋಧಿಸಿ ಎಂದು ಜಾಗತಿಕ ಚರ್ಚುಗಳ ಒಕ್ಕೂಟ (ವರ್ಲ್ಡ್ ಕೌನ್ಸಿಲ್ ಆಫ್ ಚರ್ಚಸ್) ಕರೆ ಕೊಟ್ಟಿದೆ. ನಾವೂ ಉಡುತ್ತೇವೆ. ಅದರ ಜೊತೆಗೆ ಪ್ರತಿ ಸಭೆಯಲ್ಲೂ ರಾತ್ರಿ ಹೊತ್ತು ತಟ್ಟಬಹುದಾದ ಒಂದು ಮನೆ ಇರಲೇಬೇಕು.
— ಸ್ತ್ರೀಯರ ಸಂಘದ ಸದಸ್ಯೆ, ಹುಬ್ಬಳ್ಳಿ

ಮಗಳೇ, ನಾನು ನಿವೃತ್ತ ಸಭಾಪಾಲಕ, ಅಂದರೆ ಚರ್ಚಿನ ಪಾದ್ರಿಯಾಗಿದ್ದವನು. ನಿಮ್ಮ ಹಿರಿಯರು ಹೇಳಿದ್ದನ್ನೇ ನಾನೂ ಹಿಂದೆ ಹೇಳಿದ್ದೇನೆ. ಇಬ್ಬರು ಹೆಣ್ಣುಮಕ್ಕಳನ್ನು ಬುದ್ಧಿ ಹೇಳಿ ವಾಪಸ್ ಕಳಿಸಿದ್ದೇನೆ. ಅದು ತಪ್ಪು. ಮದುವೆ ಪ್ರಸಂಗದಲ್ಲಿ ಬೈಬಲಿನ ಎಫೆಸದವರಿಗೆ ಬರೆದ ಪತ್ರದ 5ನೇ ಅಧ್ಯಾಯ ತೆರೆದು, ಹೆಂಡತಿ ಗಂಡನಿಗೆ ಅಧೀನಳಾಗಿರಲಿ ಎಂಬ 22ನೇ ವಚನಕ್ಕೆ ಜಾಸ್ತಿ ಒತ್ತು ಕೊಡುತ್ತಿದ್ದೆ. ಒಬ್ಬರಿಗೊಬ್ಬರು ಅಧೀನರಾಗಿರಿ ಎಂಬ 21ನೇ ವಚನ ಅದರ ಮೇಲೆಯೇ ಇದೆ. ಹೆಂಡತಿಯನ್ನು ಸ್ವಂತ ದೇಹದಂತೆ ಪ್ರೀತಿಸಬೇಕು ಎಂಬ 28ನೇ ವಚನವೂ ಅದೇ ಪುಟದಲ್ಲಿದೆ. ಅವನ್ನು ಓದಿ ಮುಂದೆ ಹೋಗಿಬಿಡುತ್ತಿದ್ದೆ.

ಕ್ಷಮಿಸುವುದು ಬೇರೆ, ಪೆಟ್ಟು ತಿನ್ನಲು ಮರಳಿ ಹೋಗುವುದು ಬೇರೆ. ಕೆಲವೊಮ್ಮೆ ಬೇರೆಯಾಗುವುದು ನೈತಿಕವಾಗಿಯೇ ಅಗತ್ಯವಾಗುತ್ತದೆ ಎಂದು ಪೋಪ್ ಫ್ರಾನ್ಸಿಸ್ ಕೂಡ 2016ರಲ್ಲಿ ಬರೆದರು. 1869ರ ವಿಚ್ಛೇದನ ಕಾಯ್ದೆಯಲ್ಲಿ ಕ್ರೈಸ್ತ ಹೆಂಡತಿಗೆ ಗಂಡನ ಕ್ರೌರ್ಯವೊಂದೇ ಕಾರಣವಾಗಿ ಸಾಲುತ್ತಿರಲಿಲ್ಲ, ವ್ಯಭಿಚಾರವನ್ನೂ ತೋರಿಸಬೇಕಿತ್ತು. 2001ರ ತಿದ್ದುಪಡಿ ಅದನ್ನು ಬದಲಿಸಿತು. ಕ್ರೈಸ್ತ ಸೇವಾಸಂಸ್ಥೆ ಬಾಸೆಲ್ ಮಿಶನ್ 1837ರಲ್ಲಿ ಧಾರವಾಡಕ್ಕೆ ಬಂತು, ಹೆಣ್ಣುಮಕ್ಕಳಿಗೆ ಅಕ್ಷರ ಕಲಿಸಿತು ಎಂದು ಹೆಮ್ಮೆಯಿಂದ ಹೇಳಿಕೊಳ್ಳುತ್ತೇವೆ. ಹಾಗೆ ಓದಿದ ಮಗಳು ಅಳುತ್ತಾ ಬಂದರೆ ತಾಳಿಕೋ ಅನ್ನುವುದಾ?
— ನಿವೃತ್ತ ಸಭಾಪಾಲಕ, ಧಾರವಾಡ

ಅಕ್ಕಾ, ನಾನು ಕ್ರೈಸ್ತಳಲ್ಲ, ಅಂಗನವಾಡಿ ಕಾರ್ಯಕರ್ತೆ. 2005ರ ಕೌಟುಂಬಿಕ ಹಿಂಸೆ ತಡೆ ಕಾಯ್ದೆ ಎಲ್ಲ ಧರ್ಮದ ಹೆಣ್ಣುಮಕ್ಕಳಿಗೂ ಇದೆ. ಮನೆ ನಿಮ್ಮ ಹೆಸರಲ್ಲಿ ಇಲ್ಲದಿದ್ದರೂ ಅಲ್ಲಿರುವ ಹಕ್ಕು ನಿಮಗಿದೆ. ನಮ್ಮ ರಾಜ್ಯದಲ್ಲಿ ಸಿಡಿಪಿಒ (ಶಿಶು ಅಭಿವೃದ್ಧಿ ಯೋಜನಾಧಿಕಾರಿ) ಅವರೇ ಈ ಕಾಯ್ದೆಯ ಸಂರಕ್ಷಣಾಧಿಕಾರಿ, ದೂರನ್ನು ಅವರೇ ಬರೆದುಕೊಳ್ಳುತ್ತಾರೆ. ಕಾನೂನು ಸೇವಾ ಪ್ರಾಧಿಕಾರದಿಂದ ಹೆಣ್ಣುಮಕ್ಕಳಿಗೆ ವಕೀಲರ ನೆರವು ಉಚಿತ, ಆದಾಯ ಕೇಳುವುದಿಲ್ಲ. ಮಹಿಳಾ ಸಹಾಯವಾಣಿ 181. ಹೊಡೆತ ಶುರುವಾದರೆ 112.

ನಿಮ್ಮ ಮದುವೆ ಚರ್ಚಿನ ರಿಜಿಸ್ಟರಿನಲ್ಲಿ ಇರುತ್ತದಲ್ವಾ, ಅದರ ನಕಲು ಈಗಲೇ ಪಡೆಯಿರಿ. ಆಧಾರ್, ರೇಷನ್ ಕಾರ್ಡ್, ಪಾಸ್‌ಬುಕ್ ಜೆರಾಕ್ಸ್, ಮಕ್ಕಳ ಒಂದೊಂದು ಜೊತೆ ಬಟ್ಟೆ ಒಂದು ಚೀಲದಲ್ಲಿ ಹಾಕಿ, ನಂಬಿಕೆಯವರ ಮನೆಯಲ್ಲಿ ಇಡಿ. ಯಾವ ಮನೆ ಎಂದು ಯಾರಿಗೂ ಹೇಳಬೇಡಿ.
— ಅಂಗನವಾಡಿ ಕಾರ್ಯಕರ್ತೆ, ಹಾವೇರಿ